ಎಂಟು ಕಿಲೋ ಇನ್ನೂರು

ತಕ್ಕಡಿಯ ಮುಳ್ಳು ನಡುಗಿ ನಡುಗಿ ಎಂಟು ಕಿಲೋ ಇನ್ನೂರಕ್ಕೆ ನಿಂತಿತು, ಫೋನಿನಲ್ಲಿ ಹಸಿರು, ಕೊನೆಗೂ ಹಸಿರು, ಗಿರಿಜಾಂಬಿಕಾಗೆ ಚಪ್ಪಾಳೆ ತಟ್ಟಬೇಕೆನಿಸಿತು, ಹೋದ ತಿಂಗಳು ಇದೇ ತೂಕದ ಜೋಲಿಯಲ್ಲಿ ಕೃತಿಕಾ ಬರೀ ಏಳು ಕಿಲೋ, ಒಂದೂವರೆ ವರ್ಷದ ಮಗು ಏಳು ಕಿಲೋ ಅಂದರೆ ಫೋನಿನಲ್ಲಿ ಕೆಂಪು, ಕೆಂಪು ಅಂದರೆ ಸೂಪರ್‌ವೈಸರ್ ಕರೆ, ಏನ್ರೀ ಮಾಡ್ತಿದ್ದೀರಿ, ಶೆಟ್ಟಿಕೆರೆ ಕಡೆ ನಿಮ್ಮ ಅಂಗನವಾಡಿ ಒಂದರಲ್ಲೇ ಕೆಂಪು — ಈಗ ಹೇಳಲಿ ನೋಡೋಣ, ವಾರಕ್ಕೆ ಆರು ಮೊಟ್ಟೆ ಸುಮ್ಮನೆ ಹೋಯಿತೇ, ಕೆನ್ನೆ ಹೇಗೆ ದುಂಡಗಾಗಿದೆ, ತಾಯಿ ಗಂಗಲಕ್ಷ್ಮಿ ಎದುರಿಗೇ ನಿಂತು ನಗುತ್ತಿದ್ದಾಳೆ, ಕೊಬ್ಬರಿ ಒಡೆಯುವ ಕೆಲಸದಿಂದ ನೇರ ಬಂದವಳು, ಸೆರಗಿನಲ್ಲಿ ಇನ್ನೂ ಕರಟದ ಚೂರು, ಉಡದಾರ ಬಿಗಿಯಾಗೋಗೈತೆ ಟೀಚರ್, ನೆನ್ನೆ ಬಿಚ್ಚಿ ಸಡ್ಲ ಮಾಡ್ದೆ, ಯಾರ ಕಣ್ಣೂ ಬೀಳ್ದೇ ಇರ್ಲಿ ಕಣ್ರೀ.

ಆದರೆ ಅಳುತ್ತಿಲ್ಲವಲ್ಲ ಮಗು, ಹೋದ ಸಲ ಜೋಲಿಗೆ ಹಾಕಿದ್ದೇ ತಡ ಕೇರಿಗೆಲ್ಲ ಕೇಳುವಂತೆ ಅರಚಿತ್ತು, ಇವತ್ತು ಕಣ್ಣು ಅರ್ಧ ಮುಚ್ಚಿಕೊಂಡು ಸುಮ್ಮನೆ ತೂಗುತ್ತಿದೆ, ನಿದ್ದೆಗಣ್ಣಿರಬೇಕು, ಒಂದು ತಿಂಗಳಿಗೆ ಒಂದು ಕಿಲೋ ಇನ್ನೂರಾ, ಮೊಟ್ಟೆ ತಿಂದರೆ ಏರದೆ ಏನು, ಮೊಟ್ಟೆ ತಿಂದರೆ — ತಿಂದದ್ದನ್ನು ನೀನು ಕಂಡೆಯಾ ಗಿರಿಜಾ, ಕಂಡಿಲ್ಲ, ಇಲ್ಲೇ ಬೇಯಿಸಿ ಕಣ್ಣೆದುರೇ ತಿನ್ನಿಸಬೇಕೆಂದು ನಿಯಮ, ಸಹಾಯಕಿ ಇಲ್ಲದೆ ಎರಡು ವರ್ಷ, ಬೇಯಿಸುವವಳೂ ತಾನೇ, ಮೊದಲ ವಾರ ಬೇಯಿಸಿದಳು, ಸುಲಿದಳು, ಸೋಪು ಹಾಕಿ ಮೂರು ಸಲ ಕೈ ತೊಳೆದಳು, ಆದರೂ ಮನೆಗೆ ಹೋದರೆ ಬಾಗಿಲಲ್ಲೇ ತನ್ನ ಅತ್ತೆ ಮೂಗು ಮುಚ್ಚಿಕೊಂಡು, ಲಿಂಗ ಮುಟ್ಟೋ ಕೈಯಲ್ಲಿ ಇದೆಂಥ ನಾತನಮ್ಮ, ಸ್ನಾನ ಮಾಡ್ದೆ ಒಲೆ ಮುಟ್ಬೇಡ. ಅತ್ತೆಯದು ನೆಪ, ನಿಜ ಹೇಳಬೇಕೆಂದರೆ ತನಗೇ ಮೊಟ್ಟೆ ಮುಟ್ಟಲು ಹೇಸಿಗೆ, ಆಮೇಲಿಂದ ಆರೂ ಹಸಿ ಮೊಟ್ಟೆ ಗಂಗಲಕ್ಷ್ಮಿಯ ಚೀಲಕ್ಕೇ, ಮನೇಲೇ ಬೇಯ್ಸಿ ಕೊಡು ಕಣಮ್ಮ, ಪುಸ್ತಕದಲ್ಲಿ ಮಾತ್ರ ದಿನವೂ ತಿನ್ನಿಸಲಾಗಿದೆ ಎಂದು ತನ್ನ ಸಹಿ.

ಮಗು ಮೊಟ್ಟೆ ತಿಂತದಾ ಗಂಗಲಕ್ಷ್ಮಿ, ಕೇಳಿಯೇಬಿಟ್ಟಳು, ಅಯ್ಯೋ ಅದುಕ್ಕೆಲ್ಲಿ ಅರಗ್ತದೆ ಟೀಚರ್, ಕಾಯಿ ಸುಲಿಯೋರ್ಗೆ ಶಕ್ತಿ ಬೇಕಲ್ವಾ ಅಂತ ನಮ್ಮತ್ತೆ ಇವ್ಳಪ್ಪಂಗೆ ಹಾಕ್ತದೆ, ಮಗೀಗೆ ಗಂಜಿತಿಳೀನೇ ಸಾಕು, ಅದ್ರಲ್ಲೇ ನೋಡಿ ಎಂಗೆ ತುಂಬ್ಕೊಂಡೈತೆ. ಗಂಜಿತಿಳಿಯಲ್ಲಿ ಒಂದು ಕಿಲೋ ಇನ್ನೂರು — ತರಬೇತಿಯಲ್ಲಿ ಒಬ್ಬ ಡಾಕ್ಟರು ಹೇಳಿದ್ದರು, ಊಟ ಸಾಲದ ಮಗುವಿನ ಮೈಯಲ್ಲಿ ನೀರು ತುಂಬಿದರೂ ತೂಕ ಏರುತ್ತೆ ಕಣ್ರಮ್ಮ, ಪಾದ ಒತ್ತಿ ನೋಡಿ, ಮೂರು ಎಣಿಸಿ, ಕುಳಿ ಹಾಗೇ ಉಳಿದರೆ ಜೀವಕ್ಕೇ ಅಪಾಯ, ತಾನಾಗ ಚಿಕ್ಕನಾಯಕನಹಳ್ಳಿಯ ಬಸ್ಸು ತಪ್ಪುತ್ತದೆಂದು ಗಡಿಯಾರ ನೋಡುತ್ತಿದ್ದಳು, ಈಗ ಭಯವಾಗುತ್ತಿದೆ, ಜೋಲಿಯಿಂದ ಇಳಿಸುತ್ತಾಳೆ, ಮಗು ಹೆಗಲಿಗೆ ತಲೆ ಒರಗಿಸುತ್ತದೆ, ಮೈ ತಣ್ಣಗಿದೆ, ಆಂಬುಲೆನ್ಸಿಗೆ ಫೋನು ಮಾಡಬೇಕು, ಮಾಡುತ್ತೇನೆ, ಮೊದಲು ನೋಡೋಣ, ಏನೂ ಇರುವುದಿಲ್ಲ, ಪಾದದ ಮೇಲೆ ಹೆಬ್ಬೆರಳು, ಒಂದು ಎರಡು ಮೂರು, ತೆಗೆದಳು, ಕುಳಿ. ಮುಚ್ಚಿಕೊಳ್ಳಲಿ ಎಂದು ಕಾದಳು, ಗಂಗಲಕ್ಷ್ಮಿ ಇನ್ನೂ ನಗುತ್ತಿದ್ದಾಳೆ, ಏನ್ ಟೀಚರ್ ಕಚಗುಳಿ ಇಡ್ತೀರಾ, ಇನ್ನೊಂದು ಪಾದ, ಒಂದು ಎರಡು ಮೂರು, ಅಲ್ಲೂ ಕುಳಿ, ಮೊದಲನೆಯದೂ ಹಾಗೇ ಇದೆ, ಮೇಲೇಳುತ್ತಿಲ್ಲ, ಎರಡು ಪುಟ್ಟ ಪಾದ, ಎರಡರಲ್ಲೂ ತನ್ನ ಹೆಬ್ಬೆರಳಿನ ಅಳತೆಗೆ ಸರಿಯಾಗಿ ಕುಳಿ —