ಮ್ಯೂರಿಯಲ್ಲಳ ಹೆಬ್ಬೆಟ್ಟು

ಅರಣ್ಯ ಇಲಾಖೆಯ ಅಧಿಕಾರಿ ಪ್ಲಾಸ್ಟಿಕ್ ಚೀಲದಿಂದ ಒಪ್ಪಂದದ ಪತ್ರ ತೆಗೆದು, ಗಾಳಿಗೆ ಹಾರದಂತೆ ಮೂಲೆಗೊಂದು ಕವಡೆ ಇಟ್ಟು, ಮ್ಯೂರಿಯಲ್ಲಳ ಕಡೆಗೆ ತಿರುಗಿಸಿದ. "ನೋಡಿ ಅಮ್ಮ. ಈ ಹೆಬ್ಬೆಟ್ಟು ನಿಮ್ಮದಲ್ಲ ಅಂತೀರಲ್ಲ?"

ನೋಡುವ ಮೊದಲೇ ಅವಳು ಅಲ್ಲವೆಂದು ತಲೆಯಾಡಿಸಿದಳು. ತಿರಿಕೋಲಾ ಹಳ್ಳಿಯ ಇಗರ್ಜಿಯ ಪಕ್ಕದ ಚಪ್ಪರದಲ್ಲಿ ಊರಿಗೆ ಊರೇ ಕೂತಿತ್ತು. ಇಸಬೆಲ್ ದ್ವೀಪದಲ್ಲಿ ನೆಲ ತಾಯಿಯಿಂದ ಮಗಳಿಗೆ ಬರುತ್ತದೆ. ನದಿಯ ಮೇಲುಭಾಗದ ಕಾಡು ಮ್ಯೂರಿಯಲ್ಲಳದು. ಅವಳು ಒಪ್ಪದೆ ಅಲ್ಲಿ ಯಾರೂ ಕತ್ತಿ ಎತ್ತುವಂತಿರಲಿಲ್ಲ. ಆದರೂ ಮೂರು ವಾರದ ಹಿಂದೆ ಅವಳು ಅಳಿವೆಯಲ್ಲಿ ಗಾಳ ಬಿಟ್ಟು ಕೂತಿದ್ದಾಗ, ಮಳೆಯಿಲ್ಲದೆಯೇ ನದಿ ಕೆಂಪಾಗಿ ಬಂದು ಹವಳದ ದಿಬ್ಬದ ಮೇಲೆ ಹರಡಿಕೊಂಡಿತು. ಗುಡ್ಡ ಹತ್ತಿ ನೋಡಿದರೆ ದೊಡ್ಡ ಮರಗಳೆಲ್ಲ ನೆಲ ಹಿಡಿದಿದ್ದವು. ಅವಳ ತಾಯಿ ಬೀಜ ಆರಿಸಿ ಜಜ್ಜಿ ತಿನ್ನಿಸುತ್ತಿದ್ದ ನಾಲಿ ಮರಗಳು ಕೂಡ ಅವುಗಳ ಕೆಳಗೆ ಸಿಕ್ಕಿ ಬುಡಮೇಲಾಗಿದ್ದವು. ನೀವೇ ಹೆಬ್ಬೆಟ್ಟು ಒತ್ತಿ ಒಪ್ಪಿಗೆ ಕೊಟ್ಟಿದ್ದೀರಲ್ಲ ಎಂದ ಮರ ಕಡಿಯುವ ಕಂಪನಿಯ ಮೇಸ್ತ್ರಿ.

ಅವಳಿಗೆ ಕೂಡಲೇ ಹೊಳೆದದ್ದು ತಮ್ಮ ವಿಲ್ಫ್ರೆಡ್ಡನ ಹೆಸರು. ಆ ತಿಂಗಳಷ್ಟೇ ಅವನ ಮನೆ ಮುಂದೆ ಹೊಸ ಮೋಟಾರು ದೋಣಿ ಬಂದಿತ್ತು. ನಾಲ್ಕು ಜನರೆದುರು ಅವನನ್ನು ಕಳ್ಳ ಎಂದಳು. ಅವನ ಹೆಂಡತಿ ಕಳಿಸಿದ ಮರಗೆಣಸಿನ ಕಡುಬನ್ನು ಬಾಗಿಲಿನಿಂದಲೇ ತಿರುಗಿಸಿದಳು. ಅವನು ಇಗರ್ಜಿಯಲ್ಲಿ ನಿಂತು ಆಣೆ ಮಾಡಿದರೂ ಕರಗಲಿಲ್ಲ. ದೂರು ಬರೆಸಿದವಳು ಅವಳೇ, ವಿಚಾರಣೆಗೆ ಪೊಲೀಸನೂ ಬರಬೇಕೆಂದು ಹಟ ಹಿಡಿದವಳೂ ಅವಳೇ. ಆ ಪೊಲೀಸ ಈಗ ಕಂಬಕ್ಕೊರಗಿ ಎಲೆಯಡಿಕೆ ಜಗಿಯುತ್ತಿದ್ದ.

ಮ್ಯೂರಿಯಲ್ ಬಗ್ಗಿ ನೋಡಿದಳು. ತನ್ನ ಹೆಸರಿನ ಪಕ್ಕದಲ್ಲಿ ನೇರಳೆ ಶಾಯಿಯ ಗುರುತು. ಸುತ್ತು ಸುತ್ತಾದ ಗೆರೆಗಳ ನಡುವೆ, ಮೇಲಿನಿಂದ ಕೆಳಗೆ ಓರೆಯಾಗಿ, ಶಾಯಿ ಹತ್ತದ ಒಂದು ಬಿಳಿ ಗೀರು.

ಆ ಗೀರನ್ನು ಅವಳು ಬಲ್ಲಳು. ಮಗಳು ಡೋರ್ಕಸ್ ಆಚೆ ದ್ವೀಪದ ಮೀನಿನ ಕಾರ್ಖಾನೆಗೆ ಸೇರಿದ ಎರಡನೆಯ ತಿಂಗಳಲ್ಲೇ ಚೂರಿ ಜಾರಿ ಹೆಬ್ಬೆರಳು ಸೀಳಿತ್ತು. ಮನೆಗೆ ಬಂದ ಮಗಳ ಬೆರಳಿಗೆ ಆರು ವಾರ ದಿನಾ ಬಟ್ಟೆ ಬದಲಿಸಿದವಳು ತಾನೇ.

ಚಪ್ಪರದ ಗದ್ದಲವೆಲ್ಲ ಎಲ್ಲೋ ದೂರಕ್ಕೆ ಸರಿದುಹೋಯಿತು. ತಲೆ ಎತ್ತಿದರೆ ಎಲ್ಲರಿಗೂ ಗೊತ್ತಾಗಿಬಿಡುತ್ತದೇನೋ ಎಂದು ಕಾಗದವನ್ನೇ ನೋಡುತ್ತಿದ್ದಳು. ಕೊನೆಗೆ ಎತ್ತಿದಳು. ಹಿಂದಿನ ಸಾಲಿನಲ್ಲಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಡೋರ್ಕಸ್ ನಿಂತಿದ್ದಳು. ಬಲಗೈ ಮಗುವಿನ ಬಟ್ಟೆಯೊಳಗಿತ್ತು. ಅವಳು ಕಣ್ಣು ತಪ್ಪಿಸಲಿಲ್ಲ.

ಕಳೆದ ಕ್ರಿಸ್‌ಮಸ್ಸಿಗೆ ಬಂದಾಗ, ನಾಡಿನ ಸಂಪಾದನೆಯೆಲ್ಲ ಮರ ಮತ್ತು ಮೀನಿನಿಂದ ಎಂದು ರೇಡಿಯೋ ಹೇಳುತ್ತಿದ್ದಾಗ ಡೋರ್ಕಸ್ ಕೇಳಿದ್ದಳು: "ಮೀನು ಕೊಯ್ಯೋಳು ನಾನು, ಮರ ನಮ್ಮದು. ಮತ್ತೆ ನಾವ್ಯಾಕಮ್ಮ ಹಿಂಗಿದೀವಿ?" ಮ್ಯೂರಿಯಲ್ ನಕ್ಕು, ಕಾಯಿ ತುರಿ ಹೋಗು ಎಂದಿದ್ದಳು.

ಅಧಿಕಾರಿ ಶಾಯಿಯ ಡಬ್ಬಿ ತೆರೆದ. "ಬೇರೆಯವರು ಒತ್ತಿದ್ರೆ ಮರ ಕಡಿಯೋದು ಇವತ್ತೇ ನಿಲ್ಲತ್ತೆ. ಒತ್ತಿದೋರು ಜೈಲಿಗೆ ಹೋಗ್ತಾರೆ. ನಿಮ್ಮ ಬೆರಳು ಕೊಡಿ, ಹೋಲಿಸಿಬಿಡೋಣ."

"ಕೊಡಕ್ಕ," ಎಂದು ವಿಲ್ಫ್ರೆಡ್ ಎದ್ದು ನಿಂತ. "ನಾನು ಕಳ್ಳನೋ ಅಲ್ವೋ, ಎಲ್ಲರೂ ನೋಡ್ಲಿ."

ಮ್ಯೂರಿಯಲ್ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಬೇಡ. ಅದು ನಂದೇ."

ಪೊಲೀಸ ಜಗಿಯುವುದನ್ನು ನಿಲ್ಲಿಸಿದ.

"ಏನಂದೆ?" ಎಂದ ವಿಲ್ಫ್ರೆಡ್.

"ನಾನೇ ಒತ್ತಿದ್ದು. ನಿನ್ನ ತಪ್ಪೇನಿಲ್ಲ."

ಇದನ್ನು ಬರೆದುಕೊಂಡರೆ ಮತ್ತೆ ತಿದ್ದಲಾಗದು, ಯೋಚಿಸಿ ಹೇಳಿ ಎಂದು ಅಧಿಕಾರಿ ಎರಡು ಸಲ ಹೇಳಿದ. ಬರೆದುಕೊಳ್ಳಿ ಎಂದಳು. ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ತನ್ನ ಚಾಪೆಯನ್ನು ಆಚೆಗೆ ಎಳೆದುಕೊಂಡಳು. ಕಾಡನ್ನು ಮಾರಿ ತಿಂದು ತಮ್ಮನ ಮೇಲೆ ಹಾಕಿದಳಲ್ಲ ಎಂದು ಹಿಂದಿನಿಂದ ಯಾರೋ ಅಂದರು. ವಿಲ್ಫ್ರೆಡ್ ಅವಳನ್ನೇ ದಿಟ್ಟಿಸುತ್ತ ನಿಂತ. ಆಮೇಲೆ ಜನರನ್ನು ಸರಿಸಿಕೊಂಡು ಹೊರಟುಹೋದ.

ದಡದಲ್ಲಿ ಅವಳು ದೋಣಿಯ ಹಗ್ಗ ಬಿಚ್ಚುತ್ತಿದ್ದಾಗ ಡೋರ್ಕಸ್ ಬಂದು ನಿಂತಳು.

"ಗುಡ್ಡದ ಆ ಕಡೆ ಮಾತ್ರ ಕಡೀತೀವಿ ಅಂದಿದ್ರು, ಅಮ್ಮ. ಸ್ವಲ್ಪಾನೇ ಅಂದಿದ್ರು."

"ಮಗೂನ ಕೊಡು."

ಮೊಮ್ಮಗಳನ್ನು ಎತ್ತಿಕೊಂಡು ಮ್ಯೂರಿಯಲ್ ದೋಣಿಯ ಮುಂದಿನ ಹಲಗೆಯ ಮೇಲೆ ಕೂತಳು. ಡೋರ್ಕಸ್ ಒಂದು ಕ್ಷಣ ತಡೆದು, ಹಿಂದೆ ತಾಯಿಯ ಜಾಗದಲ್ಲಿ ಕೂತು ಹುಟ್ಟು ಹಿಡಿದಳು. ಅಳಿವೆಗೆ ಬರುವಾಗ, ಒಂದಕ್ಕೊಂದು ಬಿಗಿದ ದಿಮ್ಮಿಗಳ ಸಾಲು ನದಿಯಿಂದ ಇಳಿದು ಅಡ್ಡ ಬಂತು. ಅದು ದಾಟಿ ಹೋಗಲೆಂದು ಅವರು ದೋಣಿ ನಿಲ್ಲಿಸಿಕೊಂಡು ಕಾದರು. ದಿಮ್ಮಿಗಳು ದೋಣಿಯ ಅಂಚಿಗೇ ಉಜ್ಜಿಕೊಂಡು ಸಾಗುತ್ತಿದ್ದವು. ಮಗು ಬಗ್ಗಿ ಒದ್ದೆ ಮರದ ಮೇಲೆ ಅಂಗೈ ಇಟ್ಟಿತು. ಅದರ ಕೈಯಡಿಯಲ್ಲಿ ಒಂದು ದಿಮ್ಮಿ ಮೆಲ್ಲಗೆ ಜಾರಿ ಹೋಯಿತು, ಆಮೇಲೆ ಇನ್ನೊಂದು.