ಟೈಲರಮ್ಮನನ್ನು ಬೀದಿಗೆ ನಿಲ್ಲಿಸಿದ ವಿಡಿಯೊ

ಹೊಲಿಗೆ ಯಂತ್ರ ರಿಪೇರಿ ಮಾಡುವ ಆ ಹೆಂಗಸನ್ನು ಬೀದಿಯವರೆಲ್ಲ ಮೆಷಿನಕ್ಕ ಎನ್ನುತ್ತಿದ್ದರು. ಅಪ್ಪನಿಂದ ಕಲಿತ ವಿದ್ಯೆ. ಮೂವತ್ತು ವರ್ಷದಿಂದ ಅದೇ ಸ್ಟೂಲು, ಎಣ್ಣೆ ಕುಡಿದು ಕುಡಿದು ಕಪ್ಪಾದ ಅದೇ ಮೇಜು. ಹೊಸ ಮೆಷಿನ್ನು ಫೋನಿನಲ್ಲೇ ತರಿಸಿಕೊಳ್ಳುವ ಕಾಲ ಬಂದ ಮೇಲೆ ಅಂಗಡಿಯ ಮೆಟ್ಟಿಲು ಹತ್ತುವವರು ಕಡಿಮೆಯಾಗಿದ್ದರು. ಗಲ್ಲಾದಲ್ಲಿ ನೊಣ ಹೊಡೆದು ಬೇಸತ್ತ ತಮ್ಮ ಒಂದು ದಿನ ಯಾವುದೋ ಉಚಿತ ಉಪನ್ಯಾಸ ಕೇಳಲು ಹೋದ. ಬರುವಾಗ ಉಪನ್ಯಾಸ ಕೊಟ್ಟ ಸಲಹೆಗಾರನನ್ನೂ ಕರೆದುಕೊಂಡೇ ಬಂದ.

ಸಲಹೆಗಾರನ ಬೂಟು ಬಿಳಿ, ಹಲ್ಲು ಅದಕ್ಕಿಂತ ಬಿಳಿ. ಸಣ್ಣಪುಟ್ಟ ವ್ಯಾಪಾರಗಳಿಗೆ ಹೊಸ ಮಾಧ್ಯಮದಲ್ಲಿ ಈಜು ಕಲಿಸುವುದು ಅವನ ಕಸುಬಂತೆ. ತಾನು ಮಾತ್ರ ಒಂದು ಪೆಟ್ಟಿಗೆ ಅಂಗಡಿಯನ್ನೂ ನಡೆಸಿದವನಲ್ಲ.

"ಮೇಡಂ, ನಿಮ್ಮ ಕಥೆ ಏನು?" ಎಂದು ಕೇಳಿದ.

"ಕಥೆ ಏನಿಲ್ಲ. ಮೆಷಿನ್ ಕೆಟ್ರೆ ರಿಪೇರಿ ಮಾಡ್ತೀವಿ."

"ಅದು ಕೆಲಸ ಮೇಡಂ. ಜನಕ್ಕೆ ಕೆಲಸ ಬೇಡ, ಭಾವನೆ ಬೇಕು. ನಿಮ್ಮ ತಂದೆಯವರನ್ನ ನೆನೆಸ್ಕೊಂಡು ಒಂದು ಹನಿ ಕಣ್ಣೀರು ಬಂದ್ರೆ ಸಾಕು, ಮಿಕ್ಕಿದ್ದು ನನಗೆ ಬಿಡಿ."

"ಅಪ್ಪ ಹೋದಾಗಲೇ ಅತ್ತಾಯ್ತು. ನಿಮ್ಮ ಕ್ಯಾಮೆರಾಕ್ಕೋಸ್ಕರ ಅವರನ್ನ ಇನ್ನೊಂದ್ಸಲ ಸಾಯಿಸೋಕಾಗಲ್ಲ."

ಅಕ್ಕ ಬಗ್ಗದಿದ್ದಾಗ ತಮ್ಮ ಸಿಕ್ಕ. ಬಾಬಿನ್ ಡಬ್ಬಿಗಳ ಕಪಾಟಿಗೆ ಗುಲಾಬಿ ಪರದೆ ಬಿತ್ತು. ಎಣ್ಣೆ ಕ್ಯಾನು ಮೇಜಿನ ಕೆಳಗೆ ಹೋಯಿತು. ಅದರ ಜಾಗಕ್ಕೆ ಪ್ಲಾಸ್ಟಿಕ್ ಹೂವಿನ ಕುಂಡ ಬಂತು. ನಲವತ್ತೈದು ದಾಟಿದ, ಎದ್ದು ನಿಂತರೆ ಮಂಡಿ ಕಟಕಟ ಎನ್ನುವ ತಮ್ಮ ಸ್ಕ್ರೂಡ್ರೈವರ್ ಹಿಡಿದು ಸೊಂಟ ಕುಲುಕಿದ. ಒಂದಲ್ಲ, ಹದಿನಾಲ್ಕು ಸಲ. ಹದಿನೈದು ಸೆಕೆಂಡಿನ ಕುಣಿತಕ್ಕೆ ಅರ್ಧ ದಿನ ಅಂಗಡಿ ಬಂದ್. ಮೆಷಿನಕ್ಕ ಮೂಲೆಯಲ್ಲಿ ಬೆನ್ನು ತಿರುಗಿಸಿ ಮೋಟಾರೊಂದರ ಸವೆದ ಕಾರ್ಬನ್ ತುಂಡು ಬದಲಿಸುತ್ತಾ, ಇವನನ್ನು ಹೆತ್ತವಳು ನೋಡಲು ಉಳಿದಿಲ್ಲವಲ್ಲ, ಪುಣ್ಯವಂತೆ, ಎಂದುಕೊಂಡಳು.

ಆ ವಿಡಿಯೊವನ್ನು ಎರಡು ಲಕ್ಷ ಜನ ನೋಡಿದರು. ತಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಂಡು ಕೇಳರಿಯದವರೆಲ್ಲ ಕೆಂಪು ಹೃದಯ ಕಳಿಸಿದರು. ಒಬ್ಬ, ಪರದೆ ಎಲ್ಲಿ ಕೊಂಡಿರಿ ಎಂದು ಕೇಳಿದ. ಕಾಲೇಜಿನ ಹುಡುಗಿಯರಿಬ್ಬರು ಬಂದು ತಮ್ಮನ ಜೊತೆ ಫೋಟೊ ತೆಗೆಸಿಕೊಂಡು ಹೋದರು. ಹದಿನೈದು ದಿನ ಕಳೆದರೂ ಆ ಎರಡು ಲಕ್ಷದಲ್ಲಿ ಒಬ್ಬರೂ ಒಂದು ಮುರಿದ ಸೂಜಿಯನ್ನೂ ತರಲಿಲ್ಲ.

ಬರಬೇಕಾದವಳೂ ಬರಲಿಲ್ಲ. ಶಾಲೆ ಶುರುವಾಗುವ ಮುಂಚೆ ರಾಶಿ ರಾಶಿ ಯೂನಿಫಾರಂ ಹೊಲಿಯುವ ಟೈಲರಮ್ಮ ಪ್ರತಿ ವರ್ಷ ತಪ್ಪದೆ ಮೆಷಿನ್ ತೋರಿಸಿಕೊಂಡು ಹೋಗುತ್ತಿದ್ದಳು. ಈ ಸಲ ಯಾಕೆ ಬರಲಿಲ್ಲ ಎಂದು ಕೇಳಿದಾಗ ತಮ್ಮ ತಲೆ ಕೆರೆದುಕೊಂಡ.

"ಬಂದಿದ್ರು ಅಕ್ಕ. ಶೂಟಿಂಗ್ ದಿನ. ಮೆಷಿನ್ ಹೊತ್ಕೊಂಡು ಬಾಗಿಲಲ್ಲಿ ನಿಂತಿದ್ರು. ಫ್ರೇಮಿಗೆ ಅಡ್ಡ ಬರ್ತಾರೆ, ಸ್ವಲ್ಪ ಆಚೆ ನಿಲ್ಲೋಕೆ ಹೇಳಿ ಅಂತ ಆ ಸರ್ ಅಂದ್ರು."

"ನೀನು ಹೇಳಿದ್ಯಾ?"

"ಐದೇ ನಿಮಿಷ ಅಂತ ಹೇಳಿದ್ದೆ."

ಮೆಷಿನಕ್ಕ ಎದ್ದು ಪರದೆಯನ್ನು ಕಿತ್ತು, ಮಡಚಿ, ತಮ್ಮನ ಮಡಿಲಿಗೆ ಹಾಕಿದಳು. ಚೀಲದಲ್ಲಿ ಸಾಮಾನು ತುಂಬಿಕೊಂಡು ನೇರ ಟೈಲರಮ್ಮನ ಮನೆಗೆ ಹೋದಳು.

ಟೈಲರಮ್ಮ ಬಾಗಿಲು ತೆರೆದಳೇ ಹೊರತು ಒಳಗೆ ಕರೆಯಲಿಲ್ಲ. "ಏನಮ್ಮಾ, ನಿಮ್ಮ ನಾಟಕ ಕಂಪನಿಗೆ ಇವತ್ತು ರಜಾನಾ?"

"ತಪ್ಪಾಯ್ತು," ಎಂದಳು ಮೆಷಿನಕ್ಕ. "ನೀವು ಬಿಸಿಲಲ್ಲಿ ನಿಂತಿದ್ದು ನನಗೆ ಗೊತ್ತೇ ಆಗ್ಲಿಲ್ಲ. ಗೊತ್ತಾಗ್ಬೇಕಿತ್ತು. ಮೆಷಿನ್ ಎಲ್ಲಿ?"

ಬೇರೆ ಅಂಗಡಿಯವನು ಬಿಗಿ ಮಾಡಬಾರದ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿ ಕಳಿಸಿದ್ದ. ಬಟ್ಟೆಯಡಿ ದಾರ ಮೊದಲಿನಂತೆಯೇ ಗಂಟುಗಂಟಾಗುತ್ತಿತ್ತು. ಮೆಷಿನಕ್ಕ ಅವನ್ನು ಸಡಿಲಿಸಿ, ಬಟ್ಟೆ ಒತ್ತುವ ಪಾದವನ್ನು ಮೇಲೆತ್ತಿ, ಮೇಲಿನ ದಾರವನ್ನು ಮೊದಲಿನಿಂದ ಪೋಣಿಸಿದಳು. ಹೊಲಿಗೆ ಸರಾಗ ಬಂತು.

"ಇಷ್ಟೇನಾ?" ಟೈಲರಮ್ಮನ ಸಿಟ್ಟು ಈಗ ಬೇರೆ ಕಡೆ ತಿರುಗಿತು. "ದಾರ ಪೋಣಿಸೋದು ಫೋನಲ್ಲಿ ತೋರಿಸಿದ್ರೆ ನಾನೇ ಮಾಡ್ಕೊಳ್ತಿದ್ದೆ. ಈ ಭಾರ ಹೊತ್ಕೊಂಡು ಎರಡು ಅಂಗಡಿ ಅಲೆದೆ. ನಿಮ್ಮ ತಮ್ಮನ ಸೊಂಟ ನೋಡಿ ನನಗೇನಾಗ್ಬೇಕು?"

ಆ ಮಾತು ಮೆಷಿನಕ್ಕನಿಗೆ ನಾಟಿತು. ಮರುದಿನ ತಮ್ಮನಿಗೆ ಫೋನು ಹಿಡಿಯಲು ಹೇಳಿದಳು. ಮುಖ ಬೇಡ, ಹಾಡು ಬೇಡ. ಎಣ್ಣೆ ಹತ್ತಿದ ಎರಡು ಕೈ, ಒಂದು ಮೆಷಿನ್ನು. "ದಾರ ಅಡಿಯಲ್ಲಿ ಗಂಟಾಗ್ತಿದ್ರೆ ಮೆಷಿನ್ ಹೊತ್ಕೊಂಡು ಬರಬೇಡಿ. ಮೊದಲು ಪಾದ ಎತ್ತಿ, ಆಮೇಲೆ ದಾರ ಪೋಣಿಸಿ. ಸರಿಹೋಗ್ಲಿಲ್ಲ ಅಂದ್ರೆ ಅದರ ಸದ್ದು ರೆಕಾರ್ಡ್ ಮಾಡಿ ಕಳಿಸಿ."

"ಗುಟ್ಟೆಲ್ಲ ಬಿಟ್ಟಿ ಹೇಳಿಕೊಟ್ರೆ ಅಂಗಡಿಗೆ ಯಾರು ಬರ್ತಾರಕ್ಕಾ?" ತಮ್ಮ ಗೊಣಗಿದ.

"ಎರಡು ಲಕ್ಷ ಜನ ಇದ್ದಾರಲ್ಲ ನಿನ್ನೋರು, ಅವರನ್ನ ಕರಿ."

ಆ ವಿಡಿಯೊ ನೋಡಿದವರು ನಲವತ್ತೊಂದು ಜನ. ನಲವತ್ತೊಂದೂ ಟೈಲರಮ್ಮ ಅದನ್ನು ಫೋನಿನಲ್ಲಿ ಹಂಚಿಕೊಂಡ ಗುಂಪಿನ ಹೊಲಿಗೆಯವರು. ವಾರದಲ್ಲಿ ಸದ್ದುಗಳು ಬರತೊಡಗಿದವು: ಕಟಕಟ, ಗರಗರ, ಒಂದಂತೂ ನೆಗಡಿಯಾದ ಬೆಕ್ಕಿನಂತೆ. ಮೆಷಿನಕ್ಕ ಫೋನನ್ನು ಕಿವಿಗಿಟ್ಟುಕೊಂಡು, ಇದಕ್ಕೆ ಎಣ್ಣೆ ಬಿಡಿ, ಇದಕ್ಕೆ ಸೂಜಿ ತಿರುಗಿಸಿ ಹಾಕಿ, ಇದನ್ನು ಮಾತ್ರ ತನ್ನಿ ಎನ್ನುತ್ತಿದ್ದಳು. ತನ್ನಿ ಎಂದವು ಬಂದವು. ತಿಂಗಳೆರಡು ಕಳೆಯುವಷ್ಟರಲ್ಲಿ ತಮ್ಮನಿಗೆ ಕೂರಲು ಪುರುಸೊತ್ತಿರಲಿಲ್ಲ, ಇನ್ನು ಕುಣಿಯುವ ಮಾತೆಲ್ಲಿ?

ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ಕಾಲಕ್ಕೂ ಇರುತ್ತಾರೆ. ಸಲಹೆಗಾರ ತನ್ನ ಮುಂದಿನ ಉಪನ್ಯಾಸಕ್ಕೆ ಅಕ್ಕ ತಮ್ಮ ಇಬ್ಬರಿಗೂ ಕರೆ ಕಳಿಸಿದ. ತಮ್ಮನ ಕಾಟ ತಡೆಯಲಾರದೆ ಮೆಷಿನಕ್ಕ ಹೋದಳು. ಸಭಾಂಗಣದ ತೆರೆಯ ಮೇಲೆ ಆನೆ ಗಾತ್ರದಲ್ಲಿ ಅವಳದೇ ಎರಡು ಕೈ. ಕೆಳಗೆ ದಪ್ಪ ಅಕ್ಷರದಲ್ಲಿ ಸಲಹೆಗಾರನ ಹೆಸರು.

"ಈ ತಾಯಿಗೆ ಏನೂ ಗೊತ್ತಿರಲಿಲ್ಲ," ಎನ್ನುತ್ತಿದ್ದ ಅವನು. "ಕೈಗಳನ್ನೇ ಕಥೆ ಮಾಡಿ ಅಂತ ನಾನು ಹೇಳಿಕೊಟ್ಟೆ. ಮೇಡಂ, ವೇದಿಕೆಗೆ ಬಂದು ನಿಮ್ಮ ಅನುಭವ ಹೇಳಿ."

ಮೆಷಿನಕ್ಕ ಕೂತಲ್ಲೇ ಎದ್ದು ನಿಂತಳು. "ಇವರು ನನ್ನ ಗಿರಾಕಿಯನ್ನ ಬೀದಿಗೆ ನಿಲ್ಲಿಸಿದ್ರು. ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಬೈದಿದ್ದನ್ನ ಕೇಳಿಸ್ಕೊಂಡು ಆ ಕೈ ವಿಡಿಯೊ ಮಾಡಿದ್ದು. ಅನುಭವ ಅಷ್ಟೇ."

ಸಲಹೆಗಾರನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. "ನೋಡಿದ್ರಾ? ಎಷ್ಟು ನೈಜ! ನಾನು ಹೇಳ್ತಿದ್ದದ್ದು ಇದನ್ನೇ." ಸಭೆಯವರು ತಲೆದೂಗಿ ಅದನ್ನೂ ಬರೆದುಕೊಂಡರು.

ಎಮ್ಮೆ ಚರ್ಮದವರಿಗೆ ಸೂಜಿ ನಾಟುವುದಿಲ್ಲ ಎಂದುಕೊಂಡು ಮೆಷಿನಕ್ಕ ಹೊರಗೆ ನಡೆದಳು. ಹಿಂದಿನ ಸಾಲಿನಲ್ಲಿದ್ದ ಒಬ್ಬ ದಪ್ಪ ಹೆಂಗಸು ಏದುಸಿರು ಬಿಡುತ್ತಾ ಮೆಟ್ಟಿಲ ತನಕ ಓಡಿಬಂದಳು. ಬ್ಯಾಗು ಹೊಲಿಯುವವಳಂತೆ. ಫೋನು ಮುಂದೆ ಹಿಡಿದು, "ನಂದೊಂದು ಹೀಗೆ ಸದ್ದು ಮಾಡ್ತಿದೆ ಅಕ್ಕಾ," ಎಂದಳು.

ಮೆಷಿನಕ್ಕ ಮೆಟ್ಟಿಲ ಮೇಲೆ ಕೂತು ಕಿವಿಗೊಟ್ಟಳು. ಒಳಗೆ ಮತ್ತೆ ಚಪ್ಪಾಳೆ ಎದ್ದಿತು.

"ಆ ಬಾಗಿಲು ಸ್ವಲ್ಪ ಹಾಕ್ಕೊಂಡು ಬನ್ನಿ," ಎಂದಳು. "ಈ ಗದ್ದಲದಲ್ಲಿ ಮೆಷಿನ್ ಹೇಳೋದು ಕೇಳಿಸ್ತಿಲ್ಲ."