ಕುದಿಯದ ಲೋಟ

ಬಂದರಿನ ಸಂತೆಕಟ್ಟೆಗೆ ಇದ್ದದ್ದು ಒಂದೇ ನಲ್ಲಿ. ಸಂತೆಯ ಅಧ್ಯಕ್ಷ ದೋನ್ ಬಲ್ತಸಾರ್ ಅದನ್ನು ಕೀಳಿಸಿ ತನ್ನ ಐಸ್ ಗೋದಾಮಿನೊಳಕ್ಕೆ ಹಾಕಿಸಿಕೊಂಡ. ಅಂದಿನಿಂದ ತಳ್ಳುಗಾಡಿಯವರು ಲೋಟ ತೊಳೆಯಲು ಒಂದೊಂದು ಬಕೆಟ್ ನೀರು ಇಟ್ಟುಕೊಂಡರು. ಆ ಬೇಸಿಗೆಯಲ್ಲೇ ಪೆರುವಿನ ಕರಾವಳಿಗೆ ಕಾಲರಾ ಬಂತು.

ಮೆಲ್ಚೋರಾಳ ಗಾಡಿಯ ಮೇಲೆ ಬೆಳಗಿನ ಜಾವದಿಂದಲೇ ಎಮೊಲಿಯೆಂತೆ ಕುದಿಯುತ್ತಿತ್ತು. ಹುರಿದ ಜವೆಗೋಧಿ, ಅಗಸೆ ಬೀಜ, ಒಂದಿಷ್ಟು ಸೊಪ್ಪು ಬೇರು ಹಾಕಿದ ಕಷಾಯ ಅದು. ಅವಳು ಅದನ್ನು ಜಗ್ಗಿನಿಂದ ಜಗ್ಗಿಗೆ ತೋಳುದ್ದ ಎತ್ತಿ ಸುರಿದು ಆರಿಸಿ, ನಿಂಬೆ ಹಿಂಡಿ ಕೊಡುವಳು. ಹಡಗುಕಟ್ಟೆಯ ಹಮಾಲರು ನಿಂತಲ್ಲೇ ಕುಡಿದು, ಕೊಸರಿಗೆ ಅಂತ ಲೋಟ ಮತ್ತೆ ಮುಂದೆ ಚಾಚುವರು. ಆಮೇಲೆ ಲೋಟ ಬಕೆಟ್ಟಿನಲ್ಲಿ ಒಮ್ಮೆ ಮುಳುಗಿ ಎದ್ದು ಇನ್ನೊಬ್ಬನ ಕೈಗೆ. ಬಕೆಟ್ಟಿನಲ್ಲಿ ಎರಡು ಹೋಳು ನಿಂಬೆ ತೇಲುತ್ತಿದ್ದವು. ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳು. ಹಸಿ ಮೀನನ್ನು ಒಲೆಯಿಲ್ಲದೆ ಬರೀ ನಿಂಬೆರಸದಲ್ಲಿ ಬೇಯಿಸಿ ತಿನ್ನುವ ಊರು ಅದು. ಮೀನನ್ನೇ ಬೇಯಿಸುವ ನಿಂಬೆಗೆ ಒಂದು ಬಕೆಟ್ ನೀರು ಯಾವ ಲೆಕ್ಕ ಎಂದು ಎಲ್ಲರೂ ನಂಬಿದ್ದರು.

ಹಮಾಲ ಉಲ್ದಾರಿಕೊ ಒಂದು ಬೆಳಿಗ್ಗೆ ಎರಡು ಲೋಟ ಕುಡಿದು, ಕೊಸರಿಗಾಗಿ ಜಗಳ ತೆಗೆದು, ನಗುತ್ತ ಹೋದ. ಸಂಜೆಗೆ ಅವನನ್ನು ಕಂಬಳಿಯಲ್ಲಿ ಸುತ್ತಿ ಹೊತ್ತೊಯ್ದರು. ಅವನು ಮರಳಲಿಲ್ಲ. ಮರುದಿನ ರೋಗ ಹರಡದಿರಲೆಂದು ಅವನ ಮನೆ ಬಾಗಿಲಿಗೆ ಸುಣ್ಣ ಚೆಲ್ಲಿದರು.

ಯಾರೂ ಮೆಲ್ಚೋರಾಳನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದಳು. ಈಗ ಅವಳ ಕಣ್ಣು ಲೋಟ ಕಚ್ಚಿದ ತುಟಿಗಳ ಮೇಲೆಯೇ. ದಿನಾ ಬರುವವನೊಬ್ಬ ಬಾರದೆ ಹೋದರೆ ಅವನ ಜೊತೆಯವರನ್ನು ಹಿಡಿದು ವಿಚಾರಿಸುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ಮಗಳ ಭಯ. ತುಂಬು ಬಸುರಿ ನೆಲಿದಾ ಬೆಳಗಾದರೆ ಗಾಡಿಯ ಪಕ್ಕದಲ್ಲಿ ನಿಂತು, ಅದೇ ಬಕೆಟ್ಟಿನಿಂದೆದ್ದ ಲೋಟದಲ್ಲಿ ಕುಡಿಯುತ್ತಿದ್ದಳು.

ಆರೋಗ್ಯ ಕಾರ್ಯಕರ್ತೆ ಎರ್ಲಿಂದಾ ನೆಲಿದಾಳ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವಳು. ಹಾಗಾಗಿ ಅವಳೂ ಮೆಲ್ಚೋರಾಳೂ ಒಬ್ಬರನ್ನೊಬ್ಬರು ಕೊಮಾದ್ರೆ ಅಂತಲೇ ಕರೆಯುವುದು. ಎರ್ಲಿಂದಾ ಬಂದು ಬಕೆಟ್ಟನ್ನು ನೋಡುತ್ತ ನಿಂತಳು. ಮೆಲ್ಚೋರಾಳಿಗೆ ರೇಗಿತು.

"ಏನ್ ನೋಡ್ತೀಯಾ ಕೊಮಾದ್ರೆ? ನನ್ನ ಕಷಾಯ ಗಂಟೆಗಟ್ಲೆ ಕುದಿಯುತ್ತೆ. ಅದರಲ್ಲಿ ರೋಗ ಎಲ್ಲಿಂದ ಬರುತ್ತೆ?"

"ಕಷಾಯ ಕುದೀತು. ಲೋಟ ಕುದೀತಾ?"

ಮೆಲ್ಚೋರಾ ನಿಂಬೆಯ ಮಾತು ತೆಗೆದಳು. ನಿಂಬೆರಸ ಮೀನನ್ನು ಬೆಳ್ಳಗೆ ಮಾಡುತ್ತದೆ, ಬಿಸಿ ಮಾಡುವುದಿಲ್ಲ ಎಂದಳು ಎರ್ಲಿಂದಾ. ಆ ಎರಡು ಹೋಳಿಗೆ ನೀರು ಹುಳಿಯೂ ಆಗಿಲ್ಲ, ಬೇಕಿದ್ದರೆ ನೆಕ್ಕಿ ನೋಡು ಎಂದು ಸೇರಿಸಿದಳು. ಕೂಡಲೇ ಮೆಲ್ಚೋರಾಳ ಕೈ ಹಿಂದಕ್ಕೆ ಸರಿಯಿತು.

"ನೋಡಿದ್ಯಾ? ನೀನು ನೆಕ್ಕೋಕೆ ಹೆದರೋ ನೀರನ್ನ ಊರಿಗೆಲ್ಲ ಕುಡಿಸ್ತಿದ್ದೀಯಾ."

ಹಾಗಾದರೆ ಲೋಟಗಳನ್ನು ಕುದಿಸುವುದು ಎಲ್ಲಿ? ಇರುವುದು ಒಂದು ಸೀಮೆಎಣ್ಣೆ ಒಲೆ, ಅದರ ಮೇಲೆ ಕಷಾಯದ ಹಂಡೆ. ತಣ್ಣನೆಯ ಗಾಜನ್ನು ಕುದಿನೀರಿಗೆ ಹಾಕಿದರೆ ಸೀಳುತ್ತದೆ. ನೀರು ತರಬೇಕೆಂದರೆ ನಲ್ಲಿಗೆ ಬೀಗ.

ಎರ್ಲಿಂದಾಳ ತಮ್ಮ ಕಸಿಮೀರೊ ಮೀನು ಡಬ್ಬಿ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡಿದ್ದವನು. ಅವನು ಬಂದು ಒಂದಿಡೀ ಬೆಳಿಗ್ಗೆ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಹಂಡೆಯಿಂದೇಳುವ ಹಬೆಯೆಲ್ಲ ಸುಮ್ಮನೆ ಆಕಾಶಕ್ಕೆ ಹೋಗುತ್ತಿತ್ತು. ಅದನ್ನು ಹಿಡಿದರೆ ಇನ್ನೊಂದು ಒಲೆ ಬೇಡ, ಹೆಚ್ಚು ನೀರೂ ಬೇಡ ಎಂದ. ಎಣ್ಣೆ ಡಬ್ಬಿಗಳ ತಗಡು ಬಡಿದು, ಬ್ರೆಡ್ ಬುಟ್ಟಿಯಷ್ಟೇ ದೊಡ್ಡ ಪೆಟ್ಟಿಗೆ ಮಾಡಿ ಗಾಡಿಯ ಬದಿಗೆ ತೂಗುಹಾಕಿದ. ಹಂಡೆಯ ಮುಚ್ಚಳದಿಂದ ಪೆಟ್ಟಿಗೆಗೊಂದು ಕೊಳವೆ, ಅದಕ್ಕೊಂದು ತಿರುಪು. ತಿರುಪನ್ನು ನಿಧಾನಕ್ಕೆ ಬಿಟ್ಟರೆ ಲೋಟಗಳು ಮೆಲ್ಲಗೆ ಕಾಯುತ್ತವೆ, ಸೀಳುವುದಿಲ್ಲ. ವಾಡಿಕೆಯ ಗಾಡಿಯವಳನ್ನು ಅಲ್ಲಿ ಕಸೇರಾ ಅನ್ನುತ್ತಾರೆ; ಪೆಟ್ಟಿಗೆಯ ಮುಚ್ಚಳದ ತೂತಿನಿಂದ ಹಬೆ ಚಿಮ್ಮಿದಾಗ ಹಮಾಲರು ಕೂಗಿದರು: "ಏನ್ ಕಸೇರಾ, ರೈಲು ಬಿಡ್ತೀಯಾ?"

ಮೆಲ್ಚೋರಾ ಎಷ್ಟೋ ದಿನಗಳ ಮೇಲೆ ನಿದ್ದೆ ಮಾಡಿದಳು. ನೆಲಿದಾ ಪೆಟ್ಟಿಗೆಯ ಲೋಟದಲ್ಲೇ ಕುಡಿದಳು.

ಮುಂದಿನ ವಾರ ಎರ್ಲಿಂದಾ ಒಂದು ಹಸಿ ಮೊಟ್ಟೆ ತಂದಳು. ಲೋಟಗಳ ನಡುವೆ, ತಳದ ಮೂಲೆಯಲ್ಲಿ ಅದನ್ನಿಟ್ಟು ಪೆಟ್ಟಿಗೆ ಮುಚ್ಚಿದಳು. ತಿಂಡಿಗೆ ಬ್ರೆಡ್ಡೂ ತರಬೇಕಿತ್ತು ಎಂದು ಕಸಿಮೀರೊ ಅಕ್ಕನನ್ನು ಚುಡಾಯಿಸಿದ. ಹಬೆ ಚಿಮ್ಮಿತು. ಹೊತ್ತಾದ ಮೇಲೆ ಮೊಟ್ಟೆ ತೆಗೆದು ಅಂಗೈ ಮೇಲೆ ಒಡೆದಳು. ಲೋಳೆ ಬೆರಳ ಸಂದಿನಿಂದ ಜಾರಿ ನೆಲಕ್ಕೆ ಬಿತ್ತು.

ಮೊಟ್ಟೆ ಗಟ್ಟಿಯಾಗದಷ್ಟು ತಣ್ಣಗಿದ್ದ ಮೂಲೆಯ ಲೋಟಗಳನ್ನು ವಾರವೆಲ್ಲ ಜನರ ಕೈಗೆ ಕೊಟ್ಟಿದ್ದಳು ಮೆಲ್ಚೋರಾ. ಮಗಳ ಕೈಗೂ.

ಅವಳು ಗಾಡಿ ಮುಚ್ಚಿ ಮನೆಗೆ ಓಡಿದಳು. ಮಲಗಿದ್ದ ನೆಲಿದಾಳ ಹಣೆ ಮುಟ್ಟಿದಳು, ಕೈ ಮುಟ್ಟಿದಳು, ಹೊಟ್ಟೆಗೆ ಕಿವಿಯಿಟ್ಟಳು. ಮಗಳು ಪಾಯಿಖಾನೆಗೆ ಎದ್ದಾಗಲೆಲ್ಲ ಬಾಗಿಲ ಹೊರಗೆ ಉಸಿರು ಬಿಗಿಹಿಡಿದು ನಿಂತಳು.

"ಅಮ್ಮಾ, ನಾನು ಒಳಗೆ ಹೋದ್ರೆ ನೀನ್ಯಾಕೆ ಶಿಲುಬೆ ಗುರುತು ಮಾಡ್ಕೋತೀಯಾ? ಬಸುರಿಯರು ಹೋಗೋದೇ ಹೀಗೆ."

ಮೆಲ್ಚೋರಾಳಿಗೆ ನಗು ಬರಲಿಲ್ಲ. ಆ ಕಾಯುವ ದಿನಗಳಲ್ಲಿ ಬೀದಿಯಲ್ಲಿ ಕಂಬಳಿ ಹಿಡಿದು ಓಡುವವರ ಸದ್ದು ಕೇಳಿದಾಗಲೆಲ್ಲ, ಅವರು ತನ್ನ ಬಾಗಿಲ ಮುಂದೆ ನಿಲ್ಲುತ್ತಾರೇನೋ ಎಂದು ಬಾಗಿಲ ಸಂದಿಯಿಂದ ಇಣುಕಿದಳು. ನೆಲಿದಾಳಿಗೆ ಏನೂ ಆಗಲಿಲ್ಲ. ಆಗದೇ ಇದ್ದದ್ದು ಪುಣ್ಯವೇ ಹೊರತು ಪೆಟ್ಟಿಗೆಯ ಹೆಚ್ಚುಗಾರಿಕೆಯಲ್ಲ ಎಂದು ಅವಳಿಗೆ ಗೊತ್ತಿತ್ತು.

ಕಸಿಮೀರೊ ಪೆಟ್ಟಿಗೆ ಬಿಚ್ಚಿ ತಪ್ಪು ಹುಡುಕಿದ. ಹಬೆ ಮೇಲಿನಿಂದ ಬಂದು ಮೇಲಿನ ತೂತಿನಿಂದಲೇ ಹೋಗುತ್ತಿತ್ತು. ತಣ್ಣನೆಯ ಗಾಳಿ ಭಾರ, ತಳದಲ್ಲೇ ಕೂತುಬಿಟ್ಟಿತ್ತು. ಬಾಯಿ ಮೇಲೆ ಮಾಡಿ ನಿಲ್ಲಿಸಿದ್ದ ಲೋಟಗಳೊಳಗೂ ಅದೇ ಗಾಳಿ. ಅವನು ಮೇಲಿನ ತೂತು ಮುಚ್ಚಿ, ತಳದ ಮೂಲೆಯಲ್ಲಿ ತೂತು ಕೊರೆದ. ಹಬೆ ಮೇಲಿನಿಂದ ಒತ್ತಿದಂತೆ ಗಾಳಿ ಕೆಳಗಿನಿಂದ ಹೊರಗೆ. ಲೋಟಗಳನ್ನು ಬೋರಲು ಹಾಕಲು ತಂತಿಯ ತಟ್ಟೆ ಹೆಣೆದ. ಹಬೆ ತಣಿದು ಇಳಿದ ನೀರು ಹರಿದುಹೋಗಲೆಂದು ತಳವನ್ನು ಓರೆ ಮಾಡಿದ.

ಈ ಸಲ ಮೊಟ್ಟೆಯನ್ನು ಮೆಲ್ಚೋರಾಳೇ ಇಟ್ಟಳು, ಎಲ್ಲಕ್ಕಿಂತ ದೂರದ ಮೂಲೆಯಲ್ಲಿ. ಕೆಳಗಿನ ತೂತು ಬುಸುಗುಟ್ಟಿ, ಹತ್ತಿರ ಕೈ ಹಿಡಿಯಲಾಗದಷ್ಟು ಬಿಸಿಯಾದ ಮೇಲೂ ಒಂದು ಜಗ್ಗು ಕಷಾಯ ಮಾರುವಷ್ಟು ಹೊತ್ತು ಕಾದಳು. ಮೊಟ್ಟೆ ತೆಗೆದಳು. ಒಡೆಯಲು ಕೈ ಬರಲಿಲ್ಲ. ನೆಲಿದಾ ಕಸಿದುಕೊಂಡು ಗಾಡಿಯ ಅಂಚಿಗೆ ಕುಟ್ಟಿದಳು. ಬೆಳ್ಳಗೆ, ಗಟ್ಟಿಯಾಗಿ ಬೆಂದಿತ್ತು. ಅಲ್ಲೇ ನಿಂತು ಎಲ್ಲರೂ ಒಂದೊಂದು ಚೂರು ತಿಂದರು.

ಅಂದಿನಿಂದ ಲೋಟವನ್ನು ಸೋಪಿನಲ್ಲಿ ಉಜ್ಜಿ, ಎಂಜಲು ಜಿಡ್ಡು ಹೋದ ಮೇಲೆ ಪೆಟ್ಟಿಗೆಗೆ. ಹೊರಬಂದ ಲೋಟಕ್ಕೆ ಬಟ್ಟೆ ತಾಗಿಸುವಂತಿಲ್ಲ, ತಾನೇ ಒಣಗಬೇಕು. ಸಾಲು ಉದ್ದವಾಯಿತು, ಗೊಣಗಾಟವೂ. ಆದರೆ ಅಕ್ಕಪಕ್ಕದ ಗಾಡಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಪೆಟ್ಟಿಗೆಯ ಅಳತೆ ತೆಗೆದುಕೊಂಡು ಹೋದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯ ಗಾಡಿಯಲ್ಲಿ ಸಿಗುವುದು ಚಹಾ ಇರಲಿ, ಕಬ್ಬಿನ ಹಾಲಿರಲಿ, ಲೋಟವನ್ನು ಎಲ್ಲಿ ಅದ್ದಿದರು ಎಂದು ನೋಡಿ. ನೋಡಿದ ಮೇಲೆ ಕೇಳಿ. ನಾಚಿಕೊಂಡು ಕುಡಿಯಬೇಡಿ. ಮಾರುವವರಾದರೆ ಹಂಡೆಯ ಹಬೆಯನ್ನು ಹಾಳುಮಾಡಬೇಡಿ, ಪೆಟ್ಟಿಗೆ ಮಾಡಿಸಿ. ಮಾಡಿಸಿದೆ ಅಂತ ಸುಮ್ಮನೆ ನಂಬಿ ಕೂರಬೇಡಿ, ತಳದ ಮೂಲೆಯಲ್ಲಿ ಮೊಟ್ಟೆಯಿಟ್ಟು ಪರೀಕ್ಷಿಸಿ. ನಿಮ್ಮ ನಲ್ಲಿ ಕಿತ್ತವರು ಯಾರೇ ಆಗಿರಲಿ, ನಾಲ್ಕು ಜನ ಸೇರಿ ಹೋಗಿ ಅದನ್ನು ವಾಪಸ್ ಕೇಳಿ. ಅದು ನಿಮ್ಮದು.

ಲೋಟದ ಬಗ್ಗೆ, ನಲ್ಲಿಯ ಬಗ್ಗೆ ಸಂತೆಯ ಜನ ಕೇಳತೊಡಗಿದ್ದು ದೋನ್ ಬಲ್ತಸಾರನ ಕಿವಿಗೆ ಬಿತ್ತು. ಪಟ್ಟಣದಿಂದ ದೊಡ್ಡ ಅಧಿಕಾರಿಗಳು ಸಂತೆ ನೋಡಲು ಬರುವ ಬೆಳಿಗ್ಗೆ ಅವನು ನೇರ ಮೆಲ್ಚೋರಾಳ ಗಾಡಿಗೆ ಬಂದ. ಈ ಪೆಟ್ಟಿಗೆ ಕಂಡರೆ ತನ್ನ ಸಂತೆಯಲ್ಲಿ ರೋಗವಿದೆ ಅಂದುಕೊಳ್ಳುತ್ತಾರೆ, ಅದನ್ನು ಕಳಚಿ ಗೋಣಿಯಲ್ಲಿ ಮುಚ್ಚಿಡು, ಮೊದಲಿನಂತೆ ಬಕೆಟ್ಟಿನಲ್ಲಿ ಅದ್ದಿ ಕೊಡು, ಇಲ್ಲದಿದ್ದರೆ ಈ ಜಾಗ ಇನ್ನೊಬ್ಬರಿಗೆ ಎಂದ. ಹಮಾಲನೊಬ್ಬ ಕುಡಿದಿಟ್ಟ ಲೋಟವನ್ನು ತಾನೇ ಎತ್ತಿ, ಎಂಜಲು ತೊಳೆದ ನೀರಿನಲ್ಲಿ ಅದ್ದಿ, ಸಾಲಿನಲ್ಲಿ ಮುಂದಿದ್ದ ಹೆಂಗಸಿನ ಕೈಗೆ ತುರುಕಿದ.

"ಇದಕ್ಕೆ ಸುರಿ."

ಮೆಲ್ಚೋರಾ ಆ ಲೋಟವನ್ನು ನೋಡಿದಳು. ಅವಳು ಜಗ್ಗನ್ನು ಕೆಳಗಿಟ್ಟಳು.

"ಸುರಿಯಲ್ಲ ದೋನ್ ಬಲ್ತಸಾರ್."